ಕೆಮ್ಮಿಸದೆ ಕೊಟ್ಟ 'ಎಲ್ಲ ಸರಿಯಿದೆ'

ಹೆರಿಗೆ ಆಸ್ಪತ್ರೆಯ ಮಾನ್ಯ ಅಧೀಕ್ಷಕರೇ,

ನೋಡಬೇಕಾದ ಜಾಗವೊಂದನ್ನು ಬಿಟ್ಟು ಉಳಿದೆಲ್ಲವನ್ನೂ ಸ್ಕ್ಯಾನ್ ಮಾಡಿ, 'ಎಲ್ಲ ಸರಿಯಿದೆ' ಎಂದು ನನಗೆ ಬರೆದುಕೊಟ್ಟಿದ್ದೀರಿ. ಆ ಮಾತನ್ನು ನಂಬಿ ನಮ್ಮ ಶಾಲೆ ನನ್ನನ್ನು ಸೋಮವಾರ ಮೈದಾನಕ್ಕೆ ಕರೆದಿದೆ. ನಾನು ವ್ಯಾಯಾಮದ ಟೀಚರ್. ಮಕ್ಕಳ ಮುಂದೆ ಜಿಗಿದು ತೋರಿಸಬೇಕು, ಇಲ್ಲವೇ ಕೆಲಸ ಬಿಡಬೇಕು. ಹೆರಿಗೆಯಲ್ಲಿ ಇಕ್ಕಳ ಹಾಕಿ ಮಗುವನ್ನು ಎಳೆದ ಮೇಲೆ, ಜಿಗಿಯುವುದಿರಲಿ, ಸೀಟಿ ಊದಿದರೂ ನನ್ನ ಬಟ್ಟೆ ಒದ್ದೆಯಾಗುತ್ತದೆ. ಸಂಜೆಯಾದರೆ ಕೆಳಗೇನೋ ಜಾರಿ ಬಂದಂತೆ ಭಾರ. ಇದನ್ನೆಲ್ಲ ಪತ್ರಿಕೆಗೆ ಬರೆಯಲು ನಾಚಿಕೆಯಾಗುವುದಿಲ್ಲವೇ? ಆಗುತ್ತದೆ. ನಿಮಗೂ ಸ್ವಲ್ಪ ಆಗಲಿ ಎಂದೇ ಬರೆಯುತ್ತಿದ್ದೇನೆ.

ಮೊದಲ ಸಲ ನಿಮ್ಮ ಸ್ಕ್ಯಾನ್ ಕೋಣೆಯ ಬಾಗಿಲಲ್ಲೇ ದಾದಿ ತಡೆದರು.

"ಎಷ್ಟು ತಿಂಗಳಮ್ಮಾ?"

"ಹೆರಿಗೆಯಾಗಿ ಏಳು ತಿಂಗಳಾಯ್ತು, ಸಿಸ್ಟರ್."

"ಅಯ್ಯೋ, ಮತ್ತೆ ಇಲ್ಲೇನು ಕೆಲಸ? ಇದು ಬಸುರಿಯರಿಗೆ ಮಾತ್ರ."

ಕಾಡಿ ಬೇಡಿ ಎರಡನೆಯ ಸಲ ಒಳಗೆ ಹೋದೆ. ಮೂತ್ರಚೀಲ, ಗರ್ಭಕೋಶಗಳನ್ನು ಅಡಿಯಿಂದ ಹೊತ್ತು ನಿಲ್ಲುವ ಸ್ನಾಯುಗಳನ್ನು ಕೆಳಗಿನಿಂದಲೇ ನೋಡಬೇಕು. ಕೆಮ್ಮಿಸಿ, ತಿಣುಕಿಸಿ, ಬಿಗಿಹಿಡಿಸಿ ನೋಡಬೇಕು ಎಂದು ಫಿಸಿಯೋಥೆರಪಿಸ್ಟ್ ಹೇಳಿ ಕಳಿಸಿದ್ದರು. ಸ್ಕ್ಯಾನಿನ ಡಾಕ್ಟರು ರೂಢಿಯಂತೆ ಹೊಟ್ಟೆಗೆ ಜೆಲ್ ಬಳಿದು, "ಅಲ್ಲಾಡ್ಬೇಡಿ" ಎಂದರು.

"ಸುಮ್ನೆ ಮಲಗಿದ್ರೆ ನಂಗೇನೂ ಆಗಲ್ಲ ಡಾಕ್ಟ್ರೇ. ಕೆಮ್ಮಿದಾಗ ನೋಡಿ."

"ನಮ್ಗೇ ಪಾಠ ಹೇಳ್ತೀರಾ?"

ಬಿರುಬೇಸಿಗೆಯಲ್ಲಿ ಸೂರು ನೋಡಿ, ಸೋರುತ್ತಿಲ್ಲ ಎಂದು ಬರೆದುಕೊಟ್ಟ ಹಾಗಾಯಿತು. ಸ್ನಾಯು ಎಲುಬಿನಿಂದ ಕಿತ್ತುಬಂದಿದೆಯೋ, ಬರೀ ಸಡಿಲವಾಗಿದೆಯೋ? ಕಿತ್ತಿದ್ದರೆ ಸೋಮವಾರದ ಜಿಗಿತ ನನ್ನನ್ನು ಇನ್ನಷ್ಟು ಕೆಡಿಸಬಹುದು. ಮಗುವಿನ ಬೆರಳುಗಳನ್ನು ಒಂದೊಂದಾಗಿ ತೋರಿಸಿದ ಅದೇ ಯಂತ್ರಕ್ಕೆ, ಮಗು ಹೊರಬಂದ ದಾರಿ ಮಾತ್ರ ಕಾಣದೇ?

ದೂರು ಕೊಟ್ಟಾಗ ತಾವು, "ಹೆತ್ತ ಮೇಲೆ ಇದೆಲ್ಲ ಸಹಜ, ನಿಮ್ಮ ತಾಯೀನೇ ಕೇಳಿ" ಎಂದಿರಿ. ಅಪ್ಪಣೆಯಂತೆ ಕೇಳಿದೆ. ಅಮ್ಮ ಮಗುವಿನ ಬಟ್ಟೆ ಮಡಚುತ್ತಿದ್ದಳು. ತಲೆಯೆತ್ತಲಿಲ್ಲ.

"ನಂಗೂ ಹಾಗೇ ಕಣೇ. ನೀನು ಹುಟ್ಟಿದಾಗಿಂದ. ಅದಕ್ಕೇ ಜೋರಾಗಿ ನಗೋದೇ ಬಿಟ್ಬಿಟ್ಟೆ."

ಅಮ್ಮನದು ಗಂಭೀರ ಸ್ವಭಾವ ಎಂದೇ ನಾನು ಇಷ್ಟು ವರ್ಷ ತಿಳಿದಿದ್ದೆ. ಸಹಜವೆಂದರೆ ಇದೇ ಏನು, ಸ್ವಾಮಿ?

ಸೋಮವಾರದೊಳಗೆ ನನ್ನನ್ನು ಮತ್ತೆ ಕರೆಸಿ, ಕೆಳಗಿನಿಂದ, ಕೆಮ್ಮಿಸಿ ಸ್ಕ್ಯಾನ್ ಮಾಡಿಸಿ. ಅಲ್ಲಿಯವರೆಗೆ 'ಎಲ್ಲ ಸರಿಯಿದೆ' ಎಂಬುದನ್ನು ಹಿಂದಕ್ಕೆ ಪಡೆಯಿರಿ. ಹೆರಿಗೆಯಾದವರಿಗೂ ಆ ಸ್ಕ್ಯಾನ್ ಕೋಣೆಯ ಬಾಗಿಲು ತೆರೆಯಲಿ. ನಾನು ಒಬ್ಬಳೇ ಬರುವುದಿಲ್ಲ, ಅಮ್ಮನನ್ನೂ ಕರೆತರುತ್ತೇನೆ.

ಇಂತಿ,
ಕೆಮ್ಮಲು ಸಿದ್ಧಳಾಗಿ ಕೂತಿರುವ ವ್ಯಾಯಾಮದ ಟೀಚರ್,
ಮತ್ತು ನಗಲು ಕಾದಿರುವ ಅವಳ ಅಮ್ಮ