ಸೆರಗಿಗೆ ಬೆನ್ನು ಮಾಡಿದ ತೆನೆ

ಕೈಮಗ್ಗ ವಿನ್ಯಾಸಗಳ ಡಿಜಿಟಲ್ ಭಂಡಾರದ ಮುಖ್ಯ ಅಧಿಕಾರಿಗಳಿಗೆ,

ಮಾನ್ಯರೇ,

ನನ್ನ ಅತ್ತೆ ಅನಂತಮ್ಮನವರು ತಮ್ಮ ಮನೆಯ ಸೀರೆಯಂಚಿನ ವಿನ್ಯಾಸವನ್ನು ತಾವೇ ಕದ್ದಿದ್ದಾರೆಂದು ನಿಮ್ಮ ಭಂಡಾರ ತೀರ್ಮಾನಿಸಿದೆ. ಕಳವು ಎಂಬ ಮಾತನ್ನು ನೀವು ಬಳಸಿಲ್ಲ, ಒಪ್ಪುತ್ತೇನೆ. ನಿಮ್ಮ ನೋಟಿಸು ಬಹಳ ಮರ್ಯಾದಸ್ಥ ನೋಟಿಸು. ಅದರಲ್ಲಿ 'ನೋಂದಾಯಿತ ಡಿಜಿಟಲ್ ಕೃತಿಯ ಅನಧಿಕೃತ ಪ್ರತಿ' ಎಂದು ಬರೆದಿದೆ. ತೆಲಂಗಾಣದ ನಾರಾಯಣಪೇಟೆಯ ನಮ್ಮ ಮನೆಯಲ್ಲಿ ಮೂರು ತಲೆಮಾರಿನಿಂದ ನೇಯುತ್ತ ಬಂದ ಜೋಳದ ತೆನೆಯ ಅಂಚನ್ನು ಇನ್ನು ಮುಂದೆ ನೇಯಬೇಕಾದರೆ ನಾವು ಒಂದು ತಂತ್ರಾಂಶ ಕಂಪನಿಯಿಂದ ಪರವಾನಗಿ ಕೊಳ್ಳಬೇಕಂತೆ. ಕೊಳ್ಳದಿದ್ದರೆ ನಿಮ್ಮ ಮಾರಾಟದ ಜಾಲತಾಣದಲ್ಲಿ ನಮ್ಮ ಸೀರೆಗೆ ಜಾಗವಿಲ್ಲವಂತೆ. ಅತ್ತೆಗೆ ಇದನ್ನು ಓದಿ ಹೇಳಿದಾಗ ಅವರು ಸಿಟ್ಟಾಗಲಿಲ್ಲ. "ಯಾರದೋ ಮನಿ ನೋಟೀಸು ನಮ್ಮ ಮನಿಗಿ ಬಂದೈತಿ, ವಾಪಸ್ ಕೊಟ್ಟು ಬಾ" ಅಂದರು.

ಈ ಪತ್ರವನ್ನು ಕನ್ನಡದಲ್ಲಿ, ಅದೂ ರಾಯಚೂರಿನ ಪತ್ರಿಕೆಯೊಂದರಲ್ಲಿ ಏಕೆ ಬರೆಯುತ್ತಿದ್ದೇನೆಂದು ನೀವು ಕೇಳಬಹುದು. ನಿಮ್ಮ ನೋಟಿಸು ಇಂಗ್ಲಿಷಿನಲ್ಲಿ ಬಂತು, ಇಂಗ್ಲಿಷಿನಲ್ಲಿ ಉತ್ತರ ಬರೆಸಿ ಕಳಿಸಿದೆವು. ವಿಚಾರಣೆ ತೆಲುಗಿನಲ್ಲಿ ನಡೆಯಿತು, ತೆಲುಗಿನಲ್ಲಿ ದರಖಾಸ್ತು ಕೊಟ್ಟೆವು. ಎರಡಕ್ಕೂ ನಿಮ್ಮ ದಫ್ತರಿನಿಂದ ಒಂದು ಅಕ್ಷರ ಬರಲಿಲ್ಲ. ಯಾವ ಭಾಷೆಯಲ್ಲಿ ಬರೆದರೂ ಉತ್ತರ ಬರುವುದಿಲ್ಲವೆಂದು ಖಾತ್ರಿಯಾದ ಮೇಲೆ ನಮ್ಮ ಮನೆಯ ಭಾಷೆಯಲ್ಲೇ ಬರೆದುಬಿಡೋಣ, ಬರೆಯುವಾಗಲಾದರೂ ಸುಖವಿರಲಿ ಅನ್ನಿಸಿತು. ನೀವು ಓದುತ್ತೀರೆಂಬ ಭರವಸೆ ನನಗಿಲ್ಲ. ಆದರೂ ಬರೆಯುತ್ತಿದ್ದೇನೆ.

ಮೊದಲು ನಮ್ಮ ಕಾನೂನು ಕೇಳಿ, ಆಮೇಲೆ ನಿಮ್ಮ ಕಾನೂನಿನ ವಿಷಯಕ್ಕೆ ಬರುತ್ತೇನೆ. ಹೌದು, ನಮಗೂ ಒಂದು ಕಾನೂನಿದೆ. ನಮ್ಮ ಓಣಿಯಲ್ಲಿ ಒಬ್ಬರ ಮನೆಯ ಅಂಚನ್ನು ಇನ್ನೊಬ್ಬರು ನೇಯಬೇಕಾದರೆ ಆ ಮನೆಗೆ ಹೋಗಿ ಕೂತು ಕೇಳಬೇಕು. ಕೊಡಲು ಮನಸ್ಸಿದ್ದವರು ಎಲೆ ಅಡಿಕೆ ಕೈಗಿಡುತ್ತಾರೆ. ಎಲೆ ತಗೊಂಡವರ ಮೇಲೆ ಎರಡು ಹೊಣೆ ಬೀಳುತ್ತವೆ. ನಮ್ಮ ಮನೆಯ ತೆನೆ ಸೆರಗಿನ ಕಡೆಗೆ ಬಾಗುತ್ತದೆ, ಕೇಳಿ ಪಡೆದವರು ಅದನ್ನು ಸೆರಗಿಗೆ ಬೆನ್ನು ಮಾಡಿ ಬಾಗಿಸಬೇಕು, ಇದು ಒಂದು. ನೇಯ್ದ ಮೊದಲ ಸೀರೆಯನ್ನು ಕೊಟ್ಟವರ ಮನೆಗೆ ತರಬೇಕು, ಇದು ಇನ್ನೊಂದು. ಮನೆಯ ಹಿರಿಯಳು ಅದರ ತುದಿಗೆ ಕುಂಕುಮ ಹಚ್ಚಿದ ಮೇಲೆಯೇ ಆ ಸೀರೆ ಅಂಗಡಿಗೆ ಹೋಗುತ್ತದೆ. ನಮ್ಮತ್ತೆಯ ಕೈಯಿಂದ ಎಲೆ ತಗೊಂಡ ಮನೆಗಳು ಈ ಊರಲ್ಲಿವೆ, ಕೊತ್ತಪಲ್ಲಿಯಲ್ಲೂ ಇವೆ. ಹಳೆಯ ವ್ಯಾಪಾರಿಗಳು ತೆನೆ ಬಾಗಿದ ದಿಕ್ಕು ನೋಡಿಯೇ ಇದು ಅನಂತಮ್ಮನ ಮಗ್ಗದ್ದು, ಇದು ಕೇಳಿ ಪಡೆದದ್ದು ಅನ್ನುತ್ತಾರೆ. ಕೊಡಲು ನಾವು ಯಾವತ್ತೂ ಹಿಂದೆಮುಂದೆ ನೋಡಿದವರಲ್ಲ. ಆದ್ದರಿಂದ ನಮ್ಮನ್ನು ಜ್ಞಾನ ಬಚ್ಚಿಟ್ಟುಕೊಳ್ಳುವ ಹಳೆಯ ಕಾಲದ ಜನ ಎಂದು ದಯವಿಟ್ಟು ತಿಳಿಯಬೇಡಿ.

ಇಂಥ ಮನೆಗೆ ನಿಮ್ಮ ಯೋಜನೆಯ ಹೆಸರು ಹೇಳಿಕೊಂಡು ಕಂಪನಿಯ ಹುಡುಗನೊಬ್ಬ ಬಂದ. ಒಳ್ಳೆಯವನು, ಚಪ್ಪಲಿ ಹೊರಗೆ ಬಿಟ್ಟು ಬಂದ, ಮಗ್ಗಕ್ಕೆ ಕೈಮುಗಿದ. ಪರಂಪರೆಯ ವಿನ್ಯಾಸಗಳು ನಾಶವಾಗದಂತೆ ಸರಕಾರ ಕಂಪ್ಯೂಟರಿನಲ್ಲಿ ಇಡುತ್ತದೆ ಎಂದು ತೆಲುಗಿನಲ್ಲಿ ವಿವರಿಸಿದ. ಅಂಚಿನ ಫೋಟೋ ತೆಗೆದ. ಮಗ್ಗದ ಮೇಲಿನ ಜಕಾರ್ಡ್ ಪೆಟ್ಟಿಗೆಯಿಂದ ಅಟ್ಟೆಗಳನ್ನು, ಅಂದರೆ ವಿನ್ಯಾಸಕ್ಕೆ ತಕ್ಕಂತೆ ತೂತು ಕೊರೆದ ರಟ್ಟಿನ ಪಟ್ಟಿಗಳನ್ನು, ಇಳಿಸಲು ಹೇಳಿ ಒಂದೊಂದನ್ನೇ ಸ್ಕ್ಯಾನ್ ಮಾಡಿಕೊಂಡ. ಆಮೇಲೆ ಕೈಯಲ್ಲಿದ್ದ ಟ್ಯಾಬಿನ ಮೇಲೆ ಅತ್ತೆಯ ಹೆಬ್ಬೆಟ್ಟು ಒತ್ತಿಸಿಕೊಂಡ. ರೇಷನ್ ಅಂಗಡಿಯಲ್ಲಿ, ಪಿಂಚಣಿಗೆ, ಬ್ಯಾಂಕಿನಲ್ಲಿ ಹೀಗೆ ಒತ್ತಿ ಒತ್ತಿ ನಮ್ಮತ್ತೆಗೆ ಹೆಬ್ಬೆಟ್ಟೆಂದರೆ ಬಾಗಿಲು ತಟ್ಟಿದಷ್ಟೇ ಸಲೀಸು. ಅದನ್ನು ಅವರು ಲೆಕ್ಕಕ್ಕೇ ಹಿಡಿಯಲಿಲ್ಲ. ಅವರ ಮಟ್ಟಿಗೆ ನಿಜವಾದ ಮಾತು ಆಮೇಲೆ ನಡೆಯಿತು. ಒಳಗೆ ಹೋಗಿ ಎಲೆ ಅಡಿಕೆ ತಂದು ಅವನ ಕೈಗಿಟ್ಟು, "ತೆನಿ ಸೆರಗಿನ ಕಡಿ ಬಾಗಸಬ್ಯಾಡಪ, ಈ ಕಡಿ ಬಾಗಸ್ರಿ. ಮೊದ್ಲ ಸೀರಿ ತಂದು ನನಗ ತೋರಸಬೇಕು" ಅಂದರು. ನಾನು ಅದನ್ನೇ ತೆಲುಗಿನಲ್ಲಿ ಹೇಳಿದೆ. ಅವನು ನಗುತ್ತ, "ತಪ್ಪಕುಂಡಾ ಅಮ್ಮಾ", ತಪ್ಪದೇ ತರುತ್ತೇನೆ, ಎಂದು ಎಲೆ ಮಡಚಿ ಬಾಯಿಗಿಟ್ಟುಕೊಂಡ.

ಅಂದರೆ ಆ ದಿನ ನಮ್ಮ ಮನೆಯಲ್ಲಿ ಎರಡು ಒಪ್ಪಂದಗಳಾದವು, ಮಾನ್ಯರೇ. ಒಂದರ ಸಂಗತಿ ಅವನಿಗಷ್ಟೇ ಗೊತ್ತಿತ್ತು, ಇನ್ನೊಂದರ ಸಂಗತಿ ನಮಗಷ್ಟೇ ಗೊತ್ತಿತ್ತು. ಡಿಜಿಟಲ್ ಕಡತದ ಹಕ್ಕು ಕಂಪನಿಗೆ ಎಂಬ ಹೆಬ್ಬೆಟ್ಟಿನ ಒಪ್ಪಂದ ನಿಮ್ಮ ಕಂಪ್ಯೂಟರಿನಲ್ಲಿ ಭದ್ರವಾಗಿದೆ. ಎಲೆಯ ಒಪ್ಪಂದವನ್ನು ಆ ಹುಡುಗ ಅಗಿದು ನುಂಗಿದ.

ಆಮೇಲೆ ನಾವು ಕಾದೆವು. ನಾವು ಅನ್ನುವುದು ತಪ್ಪು, ಅತ್ತೆ ಕಾದರು. ನನ್ನ ಗಂಡ ನರೇಂದ್ರ ಒಮ್ಮೆ, "ಅವ ಬರಂಗಿಲ್ಲ ಬಿಡವ್ವಾ" ಅಂದದ್ದಕ್ಕೆ ಅವರು ಎರಡು ದಿನ ಮಾತು ಬಿಟ್ಟರು. ಹೀಗಿರುವಾಗ ನಾನು ನಂಟರ ಮದುವೆಗೆಂದು ಗದ್ವಾಲಿಗೆ ಹೋಗಿದ್ದೆ. ಕೋಟೆಯ ಹತ್ತಿರದ ಬಟ್ಟೆ ಅಂಗಡಿಯೊಂದರ ಮುಂದೆ ಮಿರಿಮಿರಿ ಮಿಂಚುವ ಪಾಲಿಯೆಸ್ಟರ್ ಸೀರೆಯೊಂದು ತೂಗುತ್ತಿತ್ತು. ಅಂಚಿನಲ್ಲಿ ನಮ್ಮ ತೆನೆ. ಕಾಳಿನ ಸಾಲು ಅದೇ, ಎಲೆಯ ಬಳುಕೂ ಅದೇ. ಎಲ್ಲೋ ದೂರದ ಊರಿನ ಪವರ್‌ಲೂಮ್ ಗಿರಣಿಯ ಮಾಲು, ಅಂಚಿನ ಕಡತವನ್ನು ಗಿರಣಿಯವರು ಒಂದು ಕಂಪನಿಯಿಂದ ಕೊಂಡದ್ದು ಎಂದು ಅಂಗಡಿಯವನು ಹೇಳಿದ. ಮನೆಗೆ ಬಂದು ಹೇಳಿದಾಗ ಅತ್ತೆ ಬೆಲೆ ಕೇಳಲಿಲ್ಲ, ಬಟ್ಟೆ ಎಂಥದೆಂದು ಕೇಳಲಿಲ್ಲ. "ಯಾವ ಕಡಿ ಬಾಗೈತಿ?" ಅಂದರು. ಸೆರಗಿನ ಕಡೆಗೇ ಎಂದೆ. "ಹುಡುಗ ಮರ್ತಾನ. ನೆನಪ್ ಮಾಡಿದ್ರ ಬಾಗಸ್ತಾನ" ಅಂದರು.

ಅವನಿಗೆ ನೆನಪು ಮಾಡುವ ಮೊದಲೇ ನಿಮ್ಮ ಜಾಲತಾಣ ನಮಗೆ ನೆನಪು ಮಾಡಿಕೊಟ್ಟಿತು. ನಮ್ಮ ನೇಕಾರರ ಸೊಸೈಟಿಯ ಕಾರ್ಯದರ್ಶಿ ಮಾಳಿಂಗಪ್ಪನವರು ಎಂದಿನಂತೆ ನಮ್ಮ ಸೀರೆಗಳ ಫೋಟೋ ಏರಿಸಿದರು. ಚಿತ್ರ ಹೋಲಿಸಿ ನೋಡುವ ನಿಮ್ಮ ತಂತ್ರಾಂಶ ಕಣ್ಣು ಮುಚ್ಚಿ ತೆರೆಯುವಷ್ಟರಲ್ಲಿ ಅವನ್ನು ತೆಗೆದುಹಾಕಿತು. ಅದರ ಬೆನ್ನಿಗೇ ನೋಟಿಸು ಬಂತು. ಈಗ ಮಾಳಿಂಗಪ್ಪನವರು ನಮ್ಮ ಮಾಲನ್ನು ಮುಟ್ಟಲು ಅಂಜುತ್ತಾರೆ. ಒಂದು ಮನೆಯ ಸೀರೆಯ ಸಲುವಾಗಿ ಇಡೀ ಸೊಸೈಟಿಯ ಖಾತೆ ಬಂದ್ ಆದರೆ ಉಳಿದವರ ಗತಿ ಏನು ಎಂಬ ಅವರ ಚಿಂತೆ ಸುಳ್ಳಲ್ಲ. ಅಂಚು ಬಿಟ್ಟರೆ ನಮ್ಮ ಸೀರೆಯಲ್ಲಿ ಉಳಿಯುವುದು ಬರೀ ಚೌಕುಳಿಯ ಹತ್ತಿಬಟ್ಟೆ. ಅದನ್ನು ಅನಂತಮ್ಮನ ಸೀರೆ ಎಂದು ಯಾರೂ ಕೇಳಿಕೊಂಡು ಬರುವುದಿಲ್ಲ.

ವಿಚಾರಣೆಗೆ ಹಾಜರಾದಾಗ ನಿಮ್ಮ ಕೈಕೆಳಗಿನ ಅಧಿಕಾರಿಯೊಬ್ಬರು ನನಗೆ ಕಾನೂನು ತಿಳಿಸಿಕೊಟ್ಟರು. ಜೋಳದ ತೆನೆ ಪರಂಪರೆಯ ವಿನ್ಯಾಸ, ಅದು ಯಾರೊಬ್ಬರ ಸ್ವತ್ತೂ ಅಲ್ಲ, ಎಲ್ಲರದೂ ಎಂದರು. ಒಪ್ಪಿದೆ. ಎಲ್ಲರದೂ ಆದರೆ ನಮ್ಮದೂ ಆಯಿತಲ್ಲ ಸರ್, ನಾವೇಕೆ ನೇಯಬಾರದು ಎಂದೆ. ತೆನೆ ಎಲ್ಲರದು, ಆದರೆ ಅದರ ಡಿಜಿಟಲ್ ಕಡತ ಕಂಪನಿಯದು, ನಿಮ್ಮ ಸೀರೆ ಆ ಕಡತವನ್ನು ಹೋಲುತ್ತದೆ ಎಂದರು. ನಮ್ಮ ಸೀರೆಯನ್ನು ನೋಡಿ ಬರೆದ ಕಡತವನ್ನು ನಮ್ಮ ಸೀರೆ ಹೋಲದೆ ಇನ್ನಾರ ಸೀರೆ ಹೋಲಬೇಕು? ನಾರಾಯಣಪೇಟೆಗೆ ಭೌಗೋಳಿಕ ಗುರುತಿನ ರಕ್ಷಣೆ ಇದೆಯಲ್ಲ ಎಂದೆ. ಅದು ಊರಿನ ಹೆಸರಿಗೆ, ಅಂಚಿಗಲ್ಲ ಎಂದರು. ಹಾಗಾದರೆ ಅಂಚಿಗೆ ಏನಿದೆ ಎಂದೆ. ಅವರು ಗಡಿಯಾರ ನೋಡಿದರು. ಎಲ್ಲರದೂ ಆದದ್ದು ಕಂಪ್ಯೂಟರಿನೊಳಗೆ ಹೊಕ್ಕ ಕೂಡಲೇ ಒಬ್ಬರದಾಗುವುದು, ಹೊರಗೆ ಉಳಿದವರು ಬಳಕೆದಾರರಾಗುವುದು, ಇದಕ್ಕೆ ನೀವು ತಂತ್ರಜ್ಞಾನ ನೀತಿ ಎನ್ನುತ್ತೀರಿ. ನಮ್ಮ ಓಣಿಯಲ್ಲಿ ಇದಕ್ಕೆ ಬೇರೆ ಹೆಸರಿದೆ, ಪತ್ರಿಕೆಯವರು ಅಚ್ಚು ಹಾಕಲಿಕ್ಕಿಲ್ಲ.

ನಾನು ತಂತ್ರಾಂಶದ ವೈರಿ ಅಲ್ಲ. ಬಸ್ ನಿಲ್ದಾಣದ ಎದುರು ಕಂಪ್ಯೂಟರ್ ಸೆಂಟರ್ ಇಟ್ಟಿರುವ ಮಹೇಂದರ್ ನಮಗೆ ನಿಮ್ಮ ನೋಟಿಸನ್ನು ಅರ್ಥ ಮಾಡಿಸಿದವನು. ಅವನು ನನ್ನೊಂದಿಗೆ ಜಗಳವನ್ನೇ ಆಡಿದ. "ಅಕ್ಕಾ, ಆ ಅಟ್ಟಿ ಎಲ್ಲಾ ನೋಡಿ ನೋಡಿ ಫೈಲ್ ಮಾಡಾಕ ಒಬ್ಬವ ಕಣ್ಣು ಕಳ್ಕೊಂಡಿರ್ತಾನ. ಅವನ್ದೂ ದುಡಿಮಿ ಐತಿ. ಪುಗಸಟ್ಟೆ ಕೊಡು ಅಂದ್ರ ಹ್ಯಾಂಗ?" ಅಂದ. ಖರೆ ಮಾತು. ಆ ಹುಡುಗನ ದುಡಿಮೆಗೆ ಕೂಲಿ ಸಿಗಲಿ, ಚೆನ್ನಾಗಿಯೇ ಸಿಗಲಿ. ಆದರೆ ನಮ್ಮ ಮನೆಗೆ ಸುಣ್ಣ ಬಳಿದವನು ಕೂಲಿ ಕೇಳಬಹುದು, ಮನೆ ಕೇಳಬಹುದೇ? ಇದಕ್ಕೆ ಮಹೇಂದರ್ ತನಗಾದ ಒಂದು ಅನುಭವ ಹೇಳಿದ. ಹಿಂದೊಮ್ಮೆ ಅವನು ಮದುವೆ ಪತ್ರಿಕೆ ಅಚ್ಚು ಮಾಡಲು ಒಂದು ತಂತ್ರಾಂಶದ ಕಳ್ಳ ಪ್ರತಿ ಹಾಕಿಕೊಂಡಿದ್ದ. ಕಂಪನಿಯವರು ಪೊಲೀಸರನ್ನು ಕರೆದುಕೊಂಡು ಬಂದು ಕಂಪ್ಯೂಟರುಗಳನ್ನೇ ಹೊತ್ತೊಯ್ದರು. ನಾರಾಯಣಪೇಟೆಯ ಮೂಲೆಯ ಒಂದು ಮಳಿಗೆಯಲ್ಲಿ ಒಂದು ನಕಲು ಕೂತಿರುವುದು ಕಾನೂನಿಗೆ ಅಷ್ಟು ಚೊಕ್ಕವಾಗಿ ಕಂಡಿತು. ಅದೇ ಕಾನೂನಿಗೆ ಗದ್ವಾಲಿನ ಅಂಗಡಿಯ ಮುಂದೆ ಬಿಸಿಲಿಗೆ ತೂಗುತ್ತಿರುವ ನಮ್ಮ ತೆನೆ ಏಕೆ ಕಾಣುವುದಿಲ್ಲ? ತಂತ್ರಾಂಶ ಬರೆದವನ ಹಕ್ಕು ಅವನ ಆಯುಷ್ಯ ಮುಗಿದ ಮೇಲೂ ಅರವತ್ತು ವರ್ಷ ಬಾಳುತ್ತದಂತೆ. ನಮ್ಮತ್ತೆ ಇನ್ನೂ ಮಗ್ಗದ ಮೇಲೆ ಕೂತು ಕಾಲುಮಣೆ ತುಳಿಯುತ್ತಿರುವಾಗಲೇ ಅವರ ಹಕ್ಕು ತೀರಿಹೋಯಿತು.

ಈಗ ಈ ಪತ್ರ ಬರೆಯಲು ಕಾರಣವಾದ ಸಂಗತಿಗೆ ಬರುತ್ತೇನೆ. ಹೋದ ವಾರ ಮಾಳಿಂಗಪ್ಪನವರು ನಮ್ಮ ಮನೆಗೆ ಬಂದರು. ಬಂದವರು ಚಹಾ ಕುಡಿದು, ಅತ್ತೆಯ ಮುಖ ನೋಡಲಾರದೆ ನನ್ನ ಕಡೆ ತಿರುಗಿ, "ಒಂದು ಹಾದಿ ಐತ್ರಿ. ಅಟ್ಟಿ ಸರ ಹಿಂದಮುಂದ ಮಾಡಿ ಕಟ್ರಿ. ತೆನಿ ಸೆರಗಿಗೆ ಬೆನ್ನು ಮಾಡ್ತದ. ಫೋಟೋ ಬ್ಯಾರೆ ಬರ್ತದ, ಕಂಪ್ಯೂಟರ್ ಪಾಸ್ ಮಾಡ್ತದ. ನಾ ಬ್ಯಾರೆ ಕಡಿ ನೋಡೀನಿ" ಅಂದರು.

ಇದು ನಿಮಗೆ ಅರ್ಥವಾಗುವುದಿಲ್ಲ, ನಾನೇ ಹೇಳುತ್ತೇನೆ. ಸೆರಗಿಗೆ ಬೆನ್ನು ಮಾಡಿದ ತೆನೆ ಎಂದರೆ ಈ ಅಂಚು ನಮ್ಮದಲ್ಲ, ಬೇರೆಯವರ ಮನೆಯಿಂದ ಕೇಳಿ ಪಡೆದದ್ದು ಎಂದು ಊರಿಗೆಲ್ಲ ಸಾರಿದಂತೆ. ನಮ್ಮತ್ತೆ ಹಾಗೆ ಸಾರಬೇಕು. ಯಾರಿಗೆ ಎಲೆ ಕೊಟ್ಟಿದ್ದರೋ ಅವರ ಸಾಲಿನಲ್ಲಿ ತಾವೂ ಹೋಗಿ ನಿಲ್ಲಬೇಕು. ನರೇಂದ್ರ, "ನಾ ಈ ಕೆಲ್ಸಾನ ಬಿಡ್ತೀನಿ" ಎಂದು ಎದ್ದು ಹೊರಗೆ ಹೋದರು. ನಾನು ಅತ್ತೆ ಬೈಯುತ್ತಾರೆಂದು ಕಾದೆ, ಬೈಯಲಿ ಎಂದು ಬೇಡಿಕೊಂಡೆ. ಅವರು ಬೈಯಲಿಲ್ಲ. ಮರುದಿನ ಬೆಳಿಗ್ಗೆ ತಾವೇ ಅಟ್ಟೆಯ ಸರ ಇಳಿಸಿ, ದಾರ ಬಿಚ್ಚಿ, ಹಿಂದುಮುಂದಾಗಿ ಹೊಲಿದು ಪೆಟ್ಟಿಗೆಗೆ ಏರಿಸಿದರು. ಮನೆ ನಡೆಯಬೇಕಲ್ಲ. ನಾನು ಅಡುಗೆಮನೆಗೆ ಹೋಗಿ ಅತ್ತುಬಿಟ್ಟೆ.

ಆ ಸೀರೆ ನಿನ್ನೆ ಮಗ್ಗದಿಂದ ಇಳಿಯಿತು. ಮಾಳಿಂಗಪ್ಪನವರು ಹೇಳಿದಂತೆ ನಿಮ್ಮ ಕಂಪ್ಯೂಟರು ಅದನ್ನು ಪಾಸು ಮಾಡಬಹುದು. ಆದರೆ ಅತ್ತೆ ಅದನ್ನು ಸೊಸೈಟಿಗೆ ಕೊಡಲು ಒಪ್ಪುತ್ತಿಲ್ಲ. ಮಡಚಿ ತಟ್ಟೆಯಲ್ಲಿಟ್ಟು, ಪಕ್ಕಕ್ಕೆ ಕುಂಕುಮದ ಭರಣಿ ಇಟ್ಟುಕೊಂಡು ಕೂತಿದ್ದಾರೆ. "ಕೇಳಿ ನೇಯ್ದದ್ದು ಅಂದ್ಮ್ಯಾಲ ಮೊದ್ಲ ಸೀರಿ ಒಯ್ದು ತೋರಸಬೇಕಲ್ಲೇನವಾ ನವನೀ. ಯಾರ ಮನಿಗಿ ಒಯ್ಯೋಣ?" ಎಂದು ಬೆಳಗಿನಿಂದ ನನ್ನನ್ನು ಕೇಳುತ್ತಿದ್ದಾರೆ. ಅವರು ವ್ಯಂಗ್ಯ ಮಾಡುತ್ತಿಲ್ಲ, ಮಾನ್ಯರೇ. ವ್ಯಂಗ್ಯ ನನ್ನ ರೋಗ, ಅವರದಲ್ಲ. ಅವರು ನಿಜವಾಗಿಯೂ ತಿಳಿಯದೆ ಕೇಳುತ್ತಿದ್ದಾರೆ.

ಕಾನೂನು ಬದಲಿಸಿ ಎಂದು ನಾನು ಕೇಳುವುದಿಲ್ಲ, ನೀವು ಬದಲಿಸುವುದಿಲ್ಲ. ಅಂಚು ವಾಪಸು ಕೊಡಿ ಎಂದೂ ಕೇಳುವುದಿಲ್ಲ, ಕೇಳಿ ಕೇಳಿ ನನಗೆ ಸಾಕಾಗಿದೆ. ನನ್ನ ಬೇಡಿಕೆ ಒಂದೇ. ಜೋಳದ ತೆನೆಯ ಈಗಿನ ಒಡೆಯರ ಮನೆ ಎಲ್ಲಿದೆ ಎಂದು ತಿಳಿಸಿ. ನೋಟಿಸಿನಲ್ಲಿರುವುದು ಒಂದು ಮಿಂಚಂಚೆ ವಿಳಾಸ, ಅಲ್ಲಿಗೆ ತಟ್ಟೆ ಹಿಡಿದುಕೊಂಡು ಹೋಗಲಾಗುವುದಿಲ್ಲ. ನಮಗೆ ಬೇಕಾದದ್ದು ಬಾಗಿಲಿರುವ ಮನೆ. ಆ ಮನೆಯಲ್ಲಿ ಸೀರೆಯ ತುದಿಗೆ ಕುಂಕುಮ ಹಚ್ಚುವ ಹಿರಿಯಳೊಬ್ಬಳು ಇರಬೇಕು, ನಾವು ಹೋಗುವ ದಿನ ಅವಳು ಮನೆಯಲ್ಲಿರುವಂತೆ ದಯಮಾಡಿ ನೋಡಿಕೊಳ್ಳಿ. ಅಲ್ಲಿಯವರೆಗೆ ತಟ್ಟೆ ಎತ್ತಿಡಲು ಅತ್ತೆ ಬಿಡುತ್ತಿಲ್ಲ.

ಇಂತಿ,
ತನ್ನ ಮನೆಯ ಅಂಚಿನ ಅನಧಿಕೃತ ಬಳಕೆದಾರಳು,
ನವನೀತಾ
ನಾರಾಯಣಪೇಟೆ