ಅಣ್ಣ ಕುಟ್ಟಿದ ಉತ್ತರ

ಮಾರ್ಚ್ ೧೧, ಮಂಗಳವಾರ.

ಇಂದು ಮಾಡಿದ ಕೆಲಸ ಮನಸ್ಸನ್ನು ಕೊರೆಯುತ್ತಲೇ ಇದೆ. ಅಣ್ಣನ ಕುರ್ಚಿ ರಿಪೇರಿ ಅಂಗಡಿಗೆಂದು ಆನ್‌ಲೈನ್ ಪುಟದಲ್ಲಿ ನಾನು ಹಾಕುವ ಥಳುಕಿನ ವಿಡಿಯೋಗಳನ್ನು ಯಾರೂ ಮೂಸಿ ನೋಡುತ್ತಿಲ್ಲ. ಅದಕ್ಕೇ ಸುಳ್ಳು ಹೆಸರಲ್ಲಿ ನಾನೇ ಆ ಪುಟದಲ್ಲಿ ಕೇಳಿದೆ: "ಅಮ್ಮನ ಕುರ್ಚಿ ಅಲ್ಲಾಡುತ್ತೆ, ಏನು ಮಾಡ್ಲಿ?"

ಅಣ್ಣ ಕೆಲಸ ಬಿಟ್ಟು ಫೋನ್ ಹಿಡಿದು ಕೂತು, ಒಂದೇ ಬೆರಳಲ್ಲಿ ಮುಕ್ಕಾಲು ಗಂಟೆ ಉತ್ತರ ಕುಟ್ಟಿದ. ಯಾವ ಅಂಟು ಹಚ್ಚಬೇಕು, ಎಷ್ಟು ಹೊತ್ತು ಬಿಗಿದು ಕಟ್ಟಬೇಕು, ಎಲ್ಲ ಬರೆದ. ಕೊನೆಗೆ, "ಅಲ್ಲೀವರೆಗೆ ಅಮ್ಮನ್ನ ಅದರ ಮೇಲೆ ಕೂರಿಸ್ಬೇಡಿ."

ಸಂಜೆಯೊಳಗೆ ಒಂಬತ್ತು ಜನ, ನಿಜವಾದ ಜನ, ತಮ್ಮ ಕುರ್ಚಿಗಳ ಬಗ್ಗೆ ಕೇಳಿದ್ದರು. ಇನ್ನು ಥಳುಕು ಸಾಕು, ದಿನವೂ ಅಣ್ಣನೇ ಉತ್ತರಿಸಲಿ ಎಂದುಕೊಂಡೆ.

ಊಟಕ್ಕೆ ಕೂತಾಗ ಅವನು, "ಆ ತಾಯಿ ಕುರ್ಚಿ ಸರಿಹೋಯ್ತಂತಾ?" ಎಂದ.

"ಹೋಯ್ತಂತೆ" ಎಂದೆ.

ಅವನ ಮುಖ ಅರಳಿತು. ಕೇಳಿದ್ದು ನಾನೇ ಎಂದು ನಾಳೆಯಾದರೂ ಹೇಳಿಬಿಡಬೇಕು, ಆದರೆ ಆ ಮುಖ ನೋಡಿಕೊಂಡು...