ಅಸೂಟಿಯಲ್ಲಿ ತೌಸೀಫ ಕೈ ಚಾಚಿದ

ಗಜೇಂದ್ರಗಡ
೧೫ ಮೇ ೨೦೨೫

ಪ್ರೀತಿಯ ಗುಲ್ಷನ ಆಪಾ,

ನಿನಗೂ ಇರ್ಫಾನ ಭಾಯಿಗೂ ಸಲಾಂ. ಫೋನ್ ಇರುವಾಗ ಇವಳಿಗೆ ಕಾಗದ ಬರೆಯುವ ಹುಚ್ಚೇಕೆ ಅಂತ ನಗಬೇಡ. ನೀನು ಫೋನ್ ಎತ್ತಿದರೆ ನಿನ್ನ ಗಂಡ ಸ್ಪೀಕರ್ ಹಾಕುತ್ತಾರೆ, ಗ್ಯಾರೇಜಿನವರೆಲ್ಲ ಕಿವಿ ತೆರೆದು ನಮ್ಮ ಮನೆಯ ಮಾತು ಕೇಳುತ್ತಾರೆ. ಅದಕ್ಕೇ ನರಗುಂದಕ್ಕೆ ಹೊರಟ ಮದರಸಾಬ ಕಾಕಾನ ಕೈಯಲ್ಲಿ ಇದನ್ನು ಕೊಟ್ಟಿದ್ದೇನೆ. ಮೊದಲು ನೀನು ಓದು. ಆಮೇಲೆ ಇರ್ಫಾನ ಭಾಯಿಗೆ ಓದಿ ಹೇಳು.

ವಿಷಯ ಇಷ್ಟು: ಸೋಮವಾರ ತೌಸೀಫ ನಿಮ್ಮ ಗ್ಯಾರೇಜಿನ ಕೆಲಸಕ್ಕೆ ಬರುವುದಿಲ್ಲ. ಮುಂದಿನ ಸೋಮವಾರವೂ ಇಲ್ಲ, ಅದರ ಮುಂದಿನದಕ್ಕೂ ಇಲ್ಲ.

ನಮ್ಮ ತಮ್ಮನನ್ನು ಯಾಕೆ ಕಳಿಸುತ್ತಿದ್ದೇವೆ ಅಂತ ಅಬ್ಬಾ ನಿಮಗೆ ಪೂರ್ತಿ ಹೇಳಿರಲಿಕ್ಕಿಲ್ಲ. ಹುಡುಗ ಒಂದು ವಿದ್ಯೆ ಕಲಿಯಲಿ ಅಂದಿರುತ್ತಾರೆ. ನಡೆದದ್ದು ಬೇರೆ. ಹೋದ ವಾರ ನಮ್ಮ ಬಳೆ ಅಂಗಡಿಯ ಬಾಗಿಲು ಅರ್ಧ ಎಳೆದುಕೊಂಡು, ತೌಸೀಫ ಮೊಳಕೈಯವರೆಗೆ ಬಳೆ ಇಟ್ಟುಕೊಂಡು ಕನ್ನಡಿಯಲ್ಲಿ ಕೈ ತಿರುಗಿಸಿ ತಿರುಗಿಸಿ ನೋಡುತ್ತಿದ್ದ. ಅಬ್ಬಾ ಬಂದರು. ಬೈಯಲಿಲ್ಲ, ಹೊಡೆಯಲಿಲ್ಲ. ಹೊರಗೆ ಹೋಗಿ ಇರ್ಫಾನ ಭಾಯಿಗೆ ಫೋನ್ ಹಚ್ಚಿದರು. ನಟ್ಟು ಬೋಲ್ಟು ಹಿಡಿದರೆ ಹುಡುಗ ಗಂಡಸಾಗುತ್ತಾನೆ ಅಂತ ಅವರ ಲೆಕ್ಕ. ಅವತ್ತಿನಿಂದ ತೌಸೀಫ ನಗುವುದನ್ನು ಬಿಟ್ಟ. ಅವನು ನಗದಿದ್ದರೆ ನಮ್ಮ ಮನೆ ಹೇಗಿರುತ್ತದೆ ಅಂತ ನಿನಗೆ ಗೊತ್ತಲ್ಲ, ಅಮ್ಮಿಯ ಸಾರಿಗೆ ಉಪ್ಪು ಕೂಡ ಹತ್ತುವುದಿಲ್ಲ.

ನಾನು ಸುಮ್ಮನಿರುತ್ತೇನೆಯೆ? ಗದಗಿನ ಮಹಿಳಾ ಸಮಾವೇಶದಲ್ಲಿ ಕೊಂಡು ತಂದ ಪುಸ್ತಿಕೆ ತೆಗೆದು, ಅಬ್ಬಾ ಊಟಕ್ಕೆ ಕುಳಿತಾಗ ಗಟ್ಟಿಯಾಗಿ ಓದಿದೆ. ಇದು ಹೆಣ್ಣಿನ ಉಡುಗೆ, ಇದು ಗಂಡಿನ ಉಡುಗೆ ಎಂಬುದೆಲ್ಲ ಸಮಾಜ ಹೊಲಿದದ್ದು, ಯಾವ ಕೂಸೂ ಹೊಲಿಸಿಕೊಂಡು ಹುಟ್ಟುವುದಿಲ್ಲ ಅಂತ ಅದರಲ್ಲಿದೆ. ಅಬ್ಬಾ ರೊಟ್ಟಿ ಮುರಿಯುತ್ತಾ ಕೇಳಿದರು, "ಇದನ್ನ ಬರದಾಂವ ಗಜೇಂದ್ರಗಡದ ಬಜಾರದಾಗ ಅಂಗಡಿ ಇಟ್ಟಾನೇನು?" (ನಮ್ಮ ಮನೆಮಾತು ಉರ್ದುವನ್ನೂ ಊರ ಕನ್ನಡದಲ್ಲೇ ಬರೆಯುತ್ತಿದ್ದೇನೆ, ನನಗೆ ಬರುವ ಅಕ್ಷರ ಇದೊಂದೇ.) ಅಲ್ಲಿಗೆ ನನ್ನ ಭಾಷಣ ಮುಗಿಯಿತು.

ತೌಸೀಫನಿಗೂ ಓದಿದೆ. ಗಂಡು, ಹೆಣ್ಣು, ಎರಡೂ ಅಲ್ಲದವರು ಅಂತ ಪುಸ್ತಿಕೆಯಲ್ಲಿದ್ದ ಹೆಸರುಗಳನ್ನೆಲ್ಲ ಹೇಳಿ, ಇದರಲ್ಲಿ ನೀನು ಯಾವುದು, ನಿನ್ನನ್ನು ಅವನು ಅನ್ನಲೋ ಅವಳು ಅನ್ನಲೋ ಅಂತ ಕೇಳಿದೆ. "ತೌಸೀಫ ಅನ್ನು. ಮೊದಲ ಆ ಪುಸ್ತಕ ಮುಚ್ಚು, ಪರೀಕ್ಷಾಕ್ಕ ಕುಂತಂಗ ಆಕ್ಕೇತಿ" ಅಂದ.

ಮೊನ್ನೆ ಅಸೂಟಿಯ ಮಹಾಲಿಂಗಪ್ಪನವರ ಮನೆಯಿಂದ ಕರೆ ಬಂತು. ಮಗಳು ಪೂಜಾಳ ಮದುವೆ. ಮದುಮಗಳಿಗೂ ಮನೆಯ ಹೆಂಗಸರಿಗೂ ಓಣಿಯವರಿಗೂ ಬಳೆ ಇಡಿಸಬೇಕು. ಒಬ್ಬರ ಕೈಯಲ್ಲಿ ಆಗದ ಕೆಲಸ, ಅದಕ್ಕೆ ಅಬ್ಬಾ ನಮ್ಮಿಬ್ಬರನ್ನೂ ಕರೆದುಕೊಂಡು ಹೋದರು. ಪಡಸಾಲೆಯಲ್ಲಿ ಜಮಖಾನ ಹಾಸಿದ್ದರು. ನಾನು ಬಳೆ ಒರೆಸಿ ಕೊಡುವುದು, ಅಬ್ಬಾ ಇಡುವುದು, ತೌಸೀಫ ಬಣ್ಣ ಆರಿಸುವುದು. ಅವನು ಒಮ್ಮೆ ಮುಖ ನೋಡಿ, ಒಮ್ಮೆ ಸೀರೆ ನೋಡಿ ಬಳೆ ತೆಗೆದನೆಂದರೆ ಯಾವ ಹೆಂಗಸೂ ಬೇರೆ ತೋರಿಸು ಅನ್ನುವುದಿಲ್ಲ.

ಪೂಜಾಳ ಸೋದರತ್ತೆಗೆ ಬಾಯಿ ಸುಮ್ಮನಿರಲಿಲ್ಲ. "ಏನ್ರಿ ನಿಜಾಮುದ್ದೀನ, ಮದಮಗಳಿಗಿಂತ ನಿಮ್ಮ ಹುಡುಗಗ ಬಳಿ ಮ್ಯಾಲ ಆಸೆ ಭಾಳ ಕಾಣತೇತಿ. ಇವನ ಕೈಗೂ ಒಂದೀಟ ಇಟ್ಟಬಿಡ್ರಿ!" ಅಂದಳು. ಪಡಸಾಲೆಯೆಲ್ಲ ನಕ್ಕಿತು. ನಾನು ಪುಸ್ತಿಕೆಯ ಮಾತು ಹೇಳಲು ಬಾಯಿ ತೆರೆದೆ. ಅಷ್ಟರಲ್ಲಿ ತೌಸೀಫ ಎದ್ದು, ಹೆಂಗಸರ ಸಾಲಿನಲ್ಲಿ ಅಬ್ಬಾನ ಎದುರಿಗೆ ಕುಳಿತು ಕೈ ಚಾಚಿದ.

ನಗು ನಿಂತಿತು.

ಅಬ್ಬಾನ ಕಸುಬಿನ ಕಟ್ಟಳೆ ನಿನಗೂ ಗೊತ್ತು ಆಪಾ. ಬಳೆಗಾರನ ಮುಂದೆ ಚಾಚಿದ ಕೈಯನ್ನು ಬರಿದಾಗಿ ತಿರುಗಿಸಬಾರದು. ಇಟಗಿಯಲ್ಲಿ ಗಂಡ ಸತ್ತ ಹೆಂಗಸು ಕೈ ಚಾಚಿದಾಗ, ಮೈದುನರು ಗುರಾಯಿಸುತ್ತಾ ನಿಂತಿದ್ದರೂ ಬಳೆ ಇಟ್ಟು ಬಂದವರು ಅವರು. ತೌಸೀಫ ಅದನ್ನು ತಿಳಿದೇ ಕೈ ಚಾಚಿದ್ದ. ಬಳೆ ಇಟ್ಟರೆ ಊರ ಮುಂದೆ ಮಗನನ್ನು ಒಪ್ಪಿದಂತೆ. ಇಡದಿದ್ದರೆ ತಮ್ಮ ಅಪ್ಪನಿಂದ, ನಮ್ಮ ದಾದಾನಿಂದ ಬಂದ ಕಟ್ಟಳೆ ಮುರಿದಂತೆ.

ಅಬ್ಬಾ ಅವನ ಮುಖ ನೋಡಲಿಲ್ಲ, ಕೈಯನ್ನೇ ನೋಡುತ್ತಾ ಕುಳಿತರು. ಮಹಾಲಿಂಗಪ್ಪನವರ ತಾಯಿ ಗೌರವ್ವ ಕಂಬಕ್ಕೆ ಒರಗಿದ್ದವಳು, "ಎಷ್ಟೊತ್ತ ನೋಡ್ತೀರಿ? ಹುಡುಗನ ಕೈ ನೋಯ್ಯಾಕ ಹತ್ಯಾವು" ಅಂದಳು.

ಅಬ್ಬಾ ಎಲ್ಲರಿಗೂ ಕೇಳುವಂತೆಯೇ ಕೇಳಿದರು, "ಯಾವ ಬಣ್ಣ?"

"ನೀವ ಆರಸ್ರಿ ಅಬ್ಬಾ."

ಪೆಟ್ಟಿಗೆಯ ತಳದವರೆಗೆ ಹುಡುಕಿ ಗಿಳಿಹಸಿರು ಬಳೆ ತೆಗೆದರು. ಹೆಬ್ಬೆರಳಿನ ಬುಡ ಒತ್ತಿ, "ಕೈ ಸಡ್ಲ ಬಿಡು, ಹೆದರಬ್ಯಾಡ" ಅಂದರು. ಒಂದೊಂದಾಗಿ ಇಟ್ಟರು. ಒಂದೂ ಒಡೆಯಲಿಲ್ಲ. ಪ್ರತಿ ಕೈಗೂ ಅಬ್ಬಾ ತಮ್ಮ ಕಡೆಯಿಂದ ಒಂದು ಬಳೆ ಹೆಚ್ಚಿಗೆ ಇಡುತ್ತಾರಲ್ಲ, ಇವನಿಗೆ ಅದನ್ನು ಇಡುತ್ತಾರೋ ಇಲ್ಲವೋ ಅಂತ ನಾನು ಬಳೆ ಒರೆಸುವುದನ್ನು ಬಿಟ್ಟು ನೋಡುತ್ತಿದ್ದೆ. ಇಟ್ಟರು ಆಪಾ!

ಆಮೇಲೆ ಎದ್ದ ನಗುವೇ ಬೇರೆ. ಆ ಸೋದರತ್ತೆಯೇ ತೌಸೀಫನ ಕೈ ಹಿಡಿದು ತಿರುಗಿಸಿ ನೋಡಿ, "ಅಯ್ಯ, ಎಷ್ಟ ಚಂದ ಒಪ್ಪ್ಯಾವು! ಇದ ಬಣ್ಣ ನನಗ್ಯಾಕ ಕೊಡಲಿಲ್ಲೋ ಕಳ್ಳಾ?" ಅಂತ ಜಗಳ ತೆಗೆದಳು. ಗದ್ದಲ ಕೇಳಿ ಮಹಾಲಿಂಗಪ್ಪನವರು ಒಳಗೆ ಬಂದರು. "ಇದೇನು ಸೋಗು? ಹೋಳಿ ಹುಣ್ಣಿವಿ ತಿರುಗಿ ಬಂತೇನು?" ಅಂದರು. ಗೌರವ್ವ ಕುಳಿತಲ್ಲಿಂದಲೇ, "ಬಾರೋ ಮಾಲಿಂಗ, ನೀನೂ ಕೈ ಚಾಚು. ಬಳಗಾರ ಇನ್ನೂ ಪೆಟಗಿ ಮುಚ್ಚಿಲ್ಲ" ಅಂದಳು. ಅವರು ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡು ದನದ ಮನೆಯ ಕಡೆ ನಡೆದೇಬಿಟ್ಟರು. ಪೂಜಾ ನೆಲ ಬಡಿದು ಬಡಿದು ನಕ್ಕಳು, ಹೊಸ ಬಳೆ ಒಡೆದಾವು ಅಂತ ಅಬ್ಬಾನೇ ಕೈ ಹಿಡಿಯಬೇಕಾಯಿತು.

ಬಸ್ಸಿನಲ್ಲಿ ಅಬ್ಬಾ ಕಿಟಕಿಯ ಪಕ್ಕ ಕುಳಿತರು. ಇರ್ಫಾನ ಭಾಯಿಗೆ ಹೇಳಲು ಕಾರಣ ಹುಡುಕುತ್ತಿದ್ದರು ಅಂತ ಈಗ ಅನಿಸುತ್ತದೆ. ರೋಣ ದಾಟಿದ ಮೇಲೆ ಅದು ಸಿಕ್ಕಿತು. "ಗ್ಯಾರೇಜಿನ್ಯಾಗ ನಟ್ಟು ಬಿಚ್ಚೂ ಪಾನಾ ಹಿಡದ್ರ ಬಳಿ ಒಡದ ಹೊಕ್ಕಾವು. ನಾ ಇಟ್ಟ ಬಳಿ ನಾನ ಒಡಸಲೇನು? ಸೋಮವಾರ ಅಂಗಡ್ಯಾಗ ಕುಂದರಲಿ" ಅಂದರು. ನನಗೆ ಹೇಳಿದ್ದೋ ಕಿಟಕಿಗೆ ಹೇಳಿದ್ದೋ ತಿಳಿಯಲಿಲ್ಲ.

ಎಲ್ಲ ಗೆದ್ದೆವು ಅಂತ ಸುಳ್ಳು ಬರೆಯುವುದಿಲ್ಲ. ನಮ್ಮೂರ ಬಸ್ ನಿಲ್ದಾಣದಲ್ಲಿ ಇಳಿಯುವಾಗ ಅಬ್ಬಾ ಮೆಲ್ಲಗೆ, ಅಂಗಿಯ ತೋಳು ಇಳಿಸಿಕೋ ಅಂದರು. ತೌಸೀಫ ಇಳಿಸಿಕೊಂಡ. ನನಗೆ ಕೆಂಡದಂಥ ಸಿಟ್ಟು ಬಂತು. ಅಸೂಟಿಯಲ್ಲಿ ಸರಿಯಾದದ್ದು ಗಜೇಂದ್ರಗಡದಲ್ಲಿ ಹೇಗೆ ತಪ್ಪಾಗುತ್ತದೆ ಅಂತ ನಡುರಸ್ತೆಯಲ್ಲೇ ಶುರು ಮಾಡಿದೆ. ತೌಸೀಫ ನನ್ನ ಬಾಯಿ ಮುಚ್ಚಿ, "ನಿನ್ನ ಕ್ರಾಂತಿ ನಾಳೆ ಮಾಡೂಣು. ಇವತ್ತ ಮಿರ್ಚಿ ಭಜಿ ತಿನ್ನೂಣು" ಅಂದ. ಅಬ್ಬಾ ಮಿರ್ಚಿ ಕೊಡಿಸಿದರು. ಅವನು ತಿನ್ನುವಾಗ ತೋಳು ತಾನಾಗಿಯೇ ಮೇಲೆ ಸರಿಯಿತು. ಅಬ್ಬಾ ನೋಡಿದರು, ಇನ್ನೊಂದು ಮಿರ್ಚಿ ಅವನ ಕಾಗದಕ್ಕೆ ಹಾಕಿದರು.

ಅಮ್ಮಿ ಬಳೆ ನೋಡಿ ಸ್ವಲ್ಪ ಅತ್ತಳು. ಆಮೇಲೆ ಅವನ ತಲೆ ಸವರಿದಳು. ಈಗ ಮನೆಯಲ್ಲಿ ತೌಸೀಫ ಎಲ್ಲಿದ್ದಾನೆ ಅಂತ ನೋಡುವುದೇ ಬೇಡ, ಗಲಗಲ ಸದ್ದು ಹೇಳುತ್ತದೆ. ನಗುವೂ ತಿರುಗಿ ಬಂದಿದೆ. ಆದ್ದರಿಂದ ಇರ್ಫಾನ ಭಾಯಿಗೆ ಬೇಸರವಾದರೂ ನೀನು ಗಟ್ಟಿಯಾಗಿ ನಿಲ್ಲು. ಅವರು ಜೋರು ಮಾಡಿದರೆ ಅಬ್ಬಾ ಮತ್ತೆ ಸಡಿಲಾಗುತ್ತಾರೆ. ಈ ಒಂದು ಸಲ ನೀನು ಸಡಿಲಾಗಬೇಡ.

ನಿನ್ನ ಜಗಳಗಂಟಿ ತಂಗಿ,
ಮೆಹನಾಜ

ತಾ.ಕ.: ಗ್ಯಾರೇಜಿನ ಕೆಲಸಕ್ಕೆ ಬೇರೆ ಯಾರನ್ನೂ ಹುಡುಕಬೇಡಿ ಅಂತ ಇರ್ಫಾನ ಭಾಯಿಗೆ ಹೇಳು. ತಮ್ಮನ ವಿಷಯ ಇಷ್ಟುದ್ದ ಬರೆದವಳಿಗೆ ನನ್ನ ವಿಷಯ ಬರೆಯಲು ಧೈರ್ಯ ಬರದೆ ಸಹಿ ಹಾಕಿಬಿಟ್ಟಿದ್ದೆ. ರಂಜಾನ್ ಹಬ್ಬಕ್ಕೆ ನಿಮ್ಮಲ್ಲಿಗೆ ಬಂದಾಗ ನನ್ನ ದುಪಟ್ಟಾಕ್ಕೆ ಹತ್ತಿದ್ದು ಸಮೋಸದ ಎಣ್ಣೆಯಲ್ಲ, ನೀನು ಸುಮ್ಮನೆ ಸಾಬೂನು ಸವೆಸಿದೆ. ಚಹಾ ಕೊಡುವ ನೆಪದಲ್ಲಿ ಗ್ಯಾರೇಜಿಗೆ ಹೋಗಿ ಒಂದು ಗಾಡಿಯ ಕಾರ್ಬೊರೇಟರ್ ಬಿಚ್ಚಿ, ತೊಳೆದು, ಕೂಡಿಸಿದ್ದೆ. ಒಂದೇ ಒದೆತಕ್ಕೆ ಗಾಡಿ ಚಾಲೂ ಆಯಿತು! ಯಾರ ಮುಂದೂ ಹೇಳಬೇಡ ಅಂತ ಇರ್ಫಾನ ಭಾಯಿಯೇ ಅಂದಿದ್ದರು, ಕೇಳಿ ನೋಡು. ಸೋಮವಾರ ಮುಂಜಾನೆಯ ಬಸ್ಸಿಗೆ ತೌಸೀಫನ ಬದಲು ನಾನು ಬರುತ್ತೇನೆ. ಅಬ್ಬಾಗೆ ಹೇಳುವ ಕೆಲಸವನ್ನು ತೌಸೀಫ ವಹಿಸಿಕೊಂಡಿದ್ದಾನೆ. ನೀನು ಮಾತ್ರ ಪುಸ್ತಿಕೆ ತೆಗೆಯಬೇಡ ಅಂತ ನನಗೆ ಹೇಳಿದ್ದಾನೆ.